ವಿಧಿವಿಜ್ಞಾನ ಪ್ರಯೋಗಾಲಯದ ಮುಖ್ಯಸ್ಥರಿಗೆ ತರಬೇತಿ ಏಕೆ ಬೇಕು?

ಅಪರಾಧದ ಸುದ್ದಿಗಳಲ್ಲಿ ‘ಮಾದರಿಗಳನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸಿಕೊಡಲಾಗಿದೆ’ ಎಂಬ ಸಾಲು ಬಂದೇ ಬರುತ್ತದೆ. ಅಲ್ಲಿಂದ ಮುಂದೆ ಏನಾಯಿತೆಂಬುದು ಓದುಗರಿಗೆ ಬಹುಕಾಲ ತಿಳಿಯುವುದಿಲ್ಲ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಒಂದು ವರದಿ ನ್ಯಾಯಾಲಯಕ್ಕೆ ಬರುತ್ತದೆ. ಆ ವರದಿಯ ಆಧಾರದ ಮೇಲೆ ಒಬ್ಬರಿಗೆ ಶಿಕ್ಷೆಯಾಗಬಹುದು, ಇನ್ನೊಬ್ಬರು ಬಿಡುಗಡೆಯಾಗಬಹುದು. ಈ ನಡುವಿನ ಅವಧಿಯಲ್ಲಿ ಯಾವ ಮಾದರಿಯನ್ನು ಮೊದಲು ಪರೀಕ್ಷಿಸಬೇಕು, ಎಷ್ಟು ಕಡಿಮೆ ಡಿಎನ್ಎ ಸಿಕ್ಕರೆ ಪರೀಕ್ಷೆಯನ್ನು ಕೈಬಿಡಬೇಕು, ಒಬ್ಬರ ಕೆಲಸವನ್ನು ಮತ್ತೆ ಯಾರು ಪರಿಶೀಲಿಸಬೇಕು, ತಪ್ಪು ಕಂಡುಬಂದರೆ ಯಾರಿಗೆ ತಿಳಿಸಬೇಕು ಎಂಬ ಹತ್ತಾರು ತೀರ್ಮಾನಗಳು ಆಗಿರುತ್ತವೆ. ಅವುಗಳ ಹೊಣೆ ಪ್ರಯೋಗಾಲಯದ ಮುಖ್ಯಸ್ಥರದು.

ಈ ಮುಖ್ಯಸ್ಥರು ಬಹುಪಾಲು ವಿಜ್ಞಾನಿಗಳೇ ಆಗಿರುತ್ತಾರೆ. ರಸಾಯನಶಾಸ್ತ್ರದಲ್ಲೋ ಜೀವಶಾಸ್ತ್ರದಲ್ಲೋ ಪದವಿ ಪಡೆದು, ವರ್ಷಗಟ್ಟಲೆ ಮಾದರಿಗಳನ್ನು ಪರೀಕ್ಷಿಸಿ, ಬಡ್ತಿಯ ಮೇಲೆ ಆ ಕುರ್ಚಿಗೆ ಬಂದವರು. ಪರೀಕ್ಷೆ ಮಾಡುವುದನ್ನು ಅವರು ಕಲಿತಿರುತ್ತಾರೆ, ಆದರೆ ಸಂಸ್ಥೆಯನ್ನು ನಡೆಸುವುದನ್ನು ಅವರಿಗೆ ಯಾರೂ ಕಲಿಸಿರುವುದಿಲ್ಲ. ಈ ಕೊರತೆ ಎಂತಹ ಪರಿಣಾಮಕ್ಕೆ ಕಾರಣವಾಗುತ್ತದೆ, ಅದನ್ನು ತುಂಬಲು ಜಗತ್ತಿನಲ್ಲಿ ಯಾವ ವ್ಯವಸ್ಥೆಗಳಿವೆ ಎಂಬುದನ್ನು ಈ ಲೇಖನ ಬುಡದಿಂದ ವಿವರಿಸುತ್ತದೆ.

ಪ್ರಯೋಗಾಲಯದೊಳಗೆ ನಡೆಯುವುದೇನು?

ವಿಧಿವಿಜ್ಞಾನವೆಂದರೆ ಕಾನೂನಿನ ಪ್ರಶ್ನೆಗಳಿಗೆ ಉತ್ತರ ಹುಡುಕಲು ವಿಜ್ಞಾನವನ್ನು ಬಳಸುವುದು. 1910ರಲ್ಲಿ ಅಪರಾಧ ವಿಜ್ಞಾನಿ ಎಡ್ಮಂಡ್ ಲೊಕಾರ್ಡ್ ಫ್ರಾನ್ಸಿನ ಲಿಯಾನ್ ನಗರದಲ್ಲಿ ತೆರೆದ ಪುಟ್ಟ ಪ್ರಯೋಗಾಲಯವನ್ನು ಈ ಪರಂಪರೆಯ ಆರಂಭವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಅಮೆರಿಕದಲ್ಲಿ ಲಾಸ್ ಏಂಜಲೀಸ್ ಪೊಲೀಸರು 1923ರಲ್ಲಿ ತಮ್ಮದೇ ಪ್ರಯೋಗಾಲಯ ಆರಂಭಿಸಿದರು, 1932ರಲ್ಲಿ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐ ಪ್ರಯೋಗಾಲಯ ಹುಟ್ಟಿಕೊಂಡಿತು.

ಇಂದಿನ ಪ್ರಯೋಗಾಲಯದಲ್ಲಿ ಹಲವು ವಿಭಾಗಗಳಿರುತ್ತವೆ. ಮಾದಕ ವಸ್ತುಗಳ ರಾಸಾಯನಿಕ ಪರೀಕ್ಷೆ, ರಕ್ತದಲ್ಲಿನ ಮದ್ಯ ಮತ್ತು ವಿಷದ ಪರೀಕ್ಷೆ, ಡಿಎನ್ಎ, ಬೆರಳಚ್ಚು, ಬಂದೂಕು ಮತ್ತು ಗುಂಡುಗಳ ಹೋಲಿಕೆ, ಮೊಬೈಲ್ ಮತ್ತು ಕಂಪ್ಯೂಟರ್‌ಗಳ ಪರಿಶೀಲನೆ ಇವುಗಳಲ್ಲಿ ಮುಖ್ಯವಾದವು. ಪ್ರತಿಯೊಂದಕ್ಕೂ ಬೇರೆ ಉಪಕರಣ, ಬೇರೆ ತಜ್ಞರು, ಬೇರೆ ವಿಧಾನ ಬೇಕು. ಎಲ್ಲ ವಿಭಾಗಗಳಲ್ಲೂ ಪರಿಣತರಾಗಿರುವುದು ಯಾವ ಮುಖ್ಯಸ್ಥರಿಗೂ ಸಾಧ್ಯವಿಲ್ಲ. ಡಿಎನ್ಎ ವಿಭಾಗದಿಂದ ಬಂದವರು ಬಂದೂಕು ವಿಭಾಗದ ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯಬೇಕಾದರೆ ಸ್ವಂತ ಕಣ್ಣನ್ನು ನಂಬಿ ಕೂರಲಾಗದು; ವ್ಯವಸ್ಥೆಯ ಮೂಲಕವೇ ತಿಳಿಯಬೇಕು. ಆ ವ್ಯವಸ್ಥೆಯನ್ನು ಕಟ್ಟುವುದು ಮತ್ತು ಅದು ಸಡಿಲಗೊಂಡಾಗ ಗುರುತಿಸುವುದು ಮುಖ್ಯಸ್ಥರ ಕೆಲಸದ ತಿರುಳು.

ಒಂದು ಆಡಳಿತ ನಿರ್ಧಾರ, ಪರೀಕ್ಷೆಯಾಗದೆ ಉಳಿದ ಮಾದರಿಗಳು

ಆಡಳಿತದ ತೀರ್ಮಾನವೊಂದು ನೇರವಾಗಿ ನ್ಯಾಯದ ಮೇಲೆ ಪರಿಣಾಮ ಬೀರುವುದು ಹೇಗೆಂದು ತಿಳಿಯಲು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಅಪರಾಧ ಸ್ಥಳದಿಂದ ತಂದ ಮಾದರಿಯಿಂದ ಡಿಎನ್ಎಯನ್ನು ಬೇರ್ಪಡಿಸಿದ ಮೇಲೆ ಅದರ ಪ್ರಮಾಣ ಎಷ್ಟಿದೆಯೆಂದು ಅಳೆಯುತ್ತಾರೆ. ಪ್ರಮಾಣ ತೀರಾ ಕಡಿಮೆಯಿದ್ದರೆ ದ್ರಾವಣವನ್ನು ಸಾಂದ್ರಗೊಳಿಸಿ, ಅಂದರೆ ದ್ರವದ ಪಾಲನ್ನು ಇಳಿಸಿ ಡಿಎನ್ಎಯ ಪಾಲನ್ನು ಹೆಚ್ಚಿಸಿ, ಮುಂದಿನ ಹಂತಕ್ಕೆ ಒಯ್ಯಬಹುದು. ಈ ಹೆಚ್ಚುವರಿ ಹಂತಕ್ಕೆ ಸಮಯ ಮತ್ತು ಶ್ರಮ ಬೇಕು, ಮಾದರಿಯ ಒಂದಷ್ಟು ಭಾಗ ಖರ್ಚಾಗುತ್ತದೆ, ಎಷ್ಟೋ ಸಲ ಫಲವೂ ಸಿಗುವುದಿಲ್ಲ. 2018ರ ಆರಂಭದಲ್ಲಿ ಕ್ವೀನ್ಸ್‌ಲ್ಯಾಂಡ್‌ನ ಸರ್ಕಾರಿ ಪ್ರಯೋಗಾಲಯವು ಪೊಲೀಸರ ಮುಂದೆ ಒಂದು ಪ್ರಸ್ತಾವ ಇಟ್ಟು ಒಪ್ಪಿಗೆ ಪಡೆಯಿತು. ಅದರಂತೆ ಪ್ರತಿ ಮೈಕ್ರೋಲೀಟರ್‌ಗೆ 0.0088 ನ್ಯಾನೋಗ್ರಾಂಗಿಂತ ಕಡಿಮೆ ಡಿಎನ್ಎ ಇರುವ ಮಾದರಿಗಳನ್ನು, ಪೊಲೀಸರು ವಿಶೇಷವಾಗಿ ಕೇಳಿದ ಹೊರತು, ಮುಂದುವರಿಸುವಂತಿರಲಿಲ್ಲ.

ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು, ಮೈಕ್ರೋಲೀಟರ್ ಎಂದರೆ ಲೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಮನುಷ್ಯನ ಒಂದು ಜೀವಕೋಶದಲ್ಲಿ ಸುಮಾರು 0.006 ನ್ಯಾನೋಗ್ರಾಂ ಡಿಎನ್ಎ ಇರುತ್ತದೆ. ಹೀಗಾಗಿ ಆ ಮಿತಿ ಒಂದು ಮೈಕ್ರೋಲೀಟರ್ ದ್ರವದಲ್ಲಿ ಒಂದೆರಡು ಜೀವಕೋಶದಷ್ಟು ಡಿಎನ್ಎಗೆ ಸಮ. ಕೇಳಲು ಇದು ನಗಣ್ಯವೆನಿಸುತ್ತದೆ. ಆದರೆ ಆ ಮಟ್ಟದ ಮಾದರಿಗಳಲ್ಲೂ ಸಾಂದ್ರಗೊಳಿಸಿದ ಮೇಲೆ ಬಳಸಬಹುದಾದ ಡಿಎನ್ಎ ವಿವರ, ಅಂದರೆ ವ್ಯಕ್ತಿಯನ್ನು ಗುರುತಿಸಲು ನೆರವಾಗುವ ಮಾಹಿತಿ, ಸಿಗುವ ಸಾಧ್ಯತೆ ಇದ್ದೇ ಇರುತ್ತದೆ.

ಹೊರಗೆ ಹೋದ ವರದಿಗಳಲ್ಲಿ ಇಂತಹ ಮಾದರಿಗಳ ಬಗ್ಗೆ ‘ಮುಂದಿನ ಪರೀಕ್ಷೆಗೆ ಡಿಎನ್ಎ ಸಾಲದು’ ಎಂಬ ಅರ್ಥದ ವಾಕ್ಯ ಇರುತ್ತಿತ್ತು. ತನಿಖಾಧಿಕಾರಿಯಾಗಲಿ ವಕೀಲರಾಗಲಿ ನ್ಯಾಯಾಧೀಶರಾಗಲಿ ಆ ವಾಕ್ಯವನ್ನು ಓದಿದರೆ ವಿಜ್ಞಾನದಿಂದ ಇನ್ನೇನೂ ಸಾಧ್ಯವಿಲ್ಲವೆಂದೇ ತಿಳಿಯುತ್ತಾರೆ. ವಾಸ್ತವದಲ್ಲಿ ಅದು ಮಾಡಲಾಗದ ಪರೀಕ್ಷೆಯಾಗಿರಲಿಲ್ಲ, ಮಾಡಬಾರದೆಂದು ನಿರ್ಧರಿಸಿದ ಪರೀಕ್ಷೆಯಾಗಿತ್ತು. 2022ರಲ್ಲಿ ನಿವೃತ್ತ ನ್ಯಾಯಾಧೀಶ ವಾಲ್ಟರ್ ಸೊಫ್ರೊನಾಫ್ ನೇತೃತ್ವದಲ್ಲಿ ರಚನೆಯಾದ ವಿಚಾರಣಾ ಆಯೋಗವು ಆ ವರ್ಷದ ಡಿಸೆಂಬರ್‌ನಲ್ಲಿ ಸಲ್ಲಿಸಿದ ವರದಿಯಲ್ಲಿ ಈ ವಾಕ್ಯ ಸತ್ಯವಲ್ಲವೆಂದು ಸ್ಪಷ್ಟವಾಗಿ ಹೇಳಿತು. ಹಳೆಯ ಸಾವಿರಾರು ಪ್ರಕರಣಗಳನ್ನು ಮತ್ತೆ ಪರಿಶೀಲಿಸುವ ಕೆಲಸ ಆರಂಭವಾಯಿತು. ಒಳಗಿನ ವಿಜ್ಞಾನಿಗಳು ಎತ್ತಿದ ಆಕ್ಷೇಪಗಳಿಗೆ ಮೇಲಿನವರಿಂದ ಸರಿಯಾದ ಸ್ಪಂದನ ಸಿಕ್ಕಿರಲಿಲ್ಲವೆಂಬುದೂ ವಿಚಾರಣೆಯಲ್ಲಿ ಹೊರಬಂತು.

ಇಲ್ಲಿ ಯಾವ ಯಂತ್ರವೂ ಕೆಟ್ಟಿರಲಿಲ್ಲ. ಕೆಲಸದ ಹೊರೆ ಇಳಿಸಬೇಕೆಂಬ ಆಡಳಿತದ ಒತ್ತಡ, ಅದಕ್ಕೆ ಕಂಡುಕೊಂಡ ಸುಲಭದ ದಾರಿ, ಆ ದಾರಿಯನ್ನು ಬಣ್ಣಿಸಲು ಬಳಸಿದ ತಪ್ಪು ಭಾಷೆ, ಮತ್ತು ಪ್ರಶ್ನಿಸಿದವರ ಮಾತಿಗೆ ಕಿವಿಗೊಡದ ವಾತಾವರಣ ಒಂದಕ್ಕೊಂದು ಸೇರಿಕೊಂಡವು. ಇವುಗಳಲ್ಲಿ ಯಾವುದನ್ನೂ ರಸಾಯನಶಾಸ್ತ್ರದ ಪಠ್ಯ ಕಲಿಸುವುದಿಲ್ಲ.

ಅನುಮಾನ ಹುಟ್ಟಿಸಬೇಕಿದ್ದ ವೇಗ

ಎರಡನೆಯ ಉದಾಹರಣೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ್ದು. ಬಾಸ್ಟನ್ ನಗರದ ಜಮೈಕಾ ಪ್ಲೇನ್‌ನಲ್ಲಿದ್ದ ಸರ್ಕಾರಿ ಮಾದಕ ವಸ್ತು ಪರೀಕ್ಷಾ ಪ್ರಯೋಗಾಲಯದಲ್ಲಿ 2003ರಲ್ಲಿ ಕೆಲಸಕ್ಕೆ ಸೇರಿದ ಆ್ಯನಿ ಡೂಖನ್ ಎಂಬ ರಸಾಯನಶಾಸ್ತ್ರಜ್ಞೆ ಸಹೋದ್ಯೋಗಿಗಳಿಗಿಂತ ಹಲವು ಪಟ್ಟು ಹೆಚ್ಚು ಮಾದರಿಗಳನ್ನು ‘ಪರೀಕ್ಷಿಸಿ’ ಮುಗಿಸುತ್ತಿದ್ದರು. ಅವುಗಳಲ್ಲಿ ಅನೇಕವನ್ನು ಅವರು ಪರೀಕ್ಷಿಸಿಯೇ ಇರಲಿಲ್ಲ; ಕಣ್ಣಂದಾಜಿನಲ್ಲಿ ನೋಡಿ ಫಲಿತಾಂಶ ಬರೆಯುತ್ತಿದ್ದರು. 2012ರ ಆಗಸ್ಟ್‌ನಲ್ಲಿ ಆ ಪ್ರಯೋಗಾಲಯವನ್ನು ಮುಚ್ಚಲಾಯಿತು. 2013ರಲ್ಲಿ ಅವರು ತಪ್ಪೊಪ್ಪಿಕೊಂಡು ಜೈಲಿಗೆ ಹೋದರು. 2017ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ 21,000ಕ್ಕೂ ಹೆಚ್ಚು ಮಾದಕ ವಸ್ತು ಪ್ರಕರಣಗಳನ್ನು ವಜಾಗೊಳಿಸಿತು.

ಒಬ್ಬ ವ್ಯಕ್ತಿಯ ಅಪ್ರಾಮಾಣಿಕತೆ ಎಂದು ಇದನ್ನು ಬದಿಗಿರಿಸುವುದು ಸುಲಭ. ಆದರೆ ರಾಜ್ಯದ ಇನ್‌ಸ್ಪೆಕ್ಟರ್ ಜನರಲ್ ಕಚೇರಿ (ಸರ್ಕಾರಿ ಇಲಾಖೆಗಳಲ್ಲಿನ ಅಕ್ರಮಗಳನ್ನು ತನಿಖೆ ಮಾಡುವ ಸ್ವತಂತ್ರ ಸಂಸ್ಥೆ) 2014ರಲ್ಲಿ ಪ್ರಕಟಿಸಿದ ವರದಿ ತಪ್ಪೆಸಗಿದವರು ಅವರೊಬ್ಬರೇ ಎಂದು ಹೇಳುತ್ತಲೇ, ಮೇಲ್ವಿಚಾರಣೆಯ ವೈಫಲ್ಯವನ್ನೂ ಎತ್ತಿ ತೋರಿಸಿತು. ಸಹೋದ್ಯೋಗಿಗಳು ಅನುಮಾನ ವ್ಯಕ್ತಪಡಿಸಿದ್ದರು. ಅಂಕಿಗಳೂ ಕಣ್ಣೆದುರಿಗೇ ಇದ್ದವು. ಬಾಕಿ ಕೆಲಸ ಬೆಟ್ಟದಂತೆ ಬೆಳೆದಿರುವಾಗ ಒಬ್ಬರು ಮೂರು ಜನರ ಕೆಲಸ ಮಾಡಿ ಮುಗಿಸಿದರೆ ಯಾವ ಆಡಳಿತಗಾರರಿಗೂ ಸಂತೋಷವೇ ಆಗುತ್ತದೆ. ಆ ಸಂತೋಷವನ್ನು ಪಕ್ಕಕ್ಕಿಟ್ಟು, ಇಷ್ಟು ವೇಗ ಹೇಗೆ ಸಾಧ್ಯವಾಯಿತು, ಉಪಕರಣದ ಬಳಕೆಯ ದಾಖಲೆ ಈ ಸಂಖ್ಯೆಗೆ ತಾಳೆಯಾಗುತ್ತದೆಯೇ ಎಂದು ಕೇಳುವುದನ್ನು ಅಭ್ಯಾಸ ಮಾಡಿಸುವುದೇ ನಾಯಕತ್ವ ತರಬೇತಿಯ ಒಂದು ಭಾಗ.

ಮಾನ್ಯತೆ ಎಂದರೇನು, ಏನಲ್ಲ?

ಪ್ರಯೋಗಾಲಯಗಳ ವಿಶ್ವಾಸಾರ್ಹತೆಯ ಮಾತು ಬಂದಾಗಲೆಲ್ಲ ‘ಮಾನ್ಯತೆ’ ಎಂಬ ಪದ ಕೇಳಿಬರುತ್ತದೆ. ಹೊರಗಿನ ಸ್ವತಂತ್ರ ಸಂಸ್ಥೆಯೊಂದು ಪ್ರಯೋಗಾಲಯಕ್ಕೆ ಬಂದು, ಅದರ ವಿಧಾನ, ದಾಖಲೆ, ಸಿಬ್ಬಂದಿಯ ಅರ್ಹತೆ, ಉಪಕರಣಗಳ ನಿಖರತೆ ಇತ್ಯಾದಿಗಳನ್ನು ನಿಗದಿತ ಮಾನದಂಡಕ್ಕೆ ಹೋಲಿಸಿ ನೋಡಿ ಕೊಡುವ ಪ್ರಮಾಣವೇ ಮಾನ್ಯತೆ. ಪರೀಕ್ಷಾ ಪ್ರಯೋಗಾಲಯಗಳಿಗೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಮಾನದಂಡದ ಹೆಸರು ಐಎಸ್ಒ/ಐಇಸಿ 17025. ಅದು ಮೊದಲು 1999ರಲ್ಲಿ ಬಂತು, ಈಗ ಚಾಲ್ತಿಯಲ್ಲಿರುವುದು 2017ರ ಪರಿಷ್ಕೃತ ರೂಪ.

ಮಾನ್ಯತೆಯನ್ನು ತೂಕದ ಕಲ್ಲಿನ ಮೇಲಿನ ಮುದ್ರೆಗೆ ಹೋಲಿಸಬಹುದು. ಮುದ್ರೆಯಿಲ್ಲದ ಕಲ್ಲನ್ನು ನಂಬುವಂತಿಲ್ಲ. ಆದರೆ ಮುದ್ರೆ ಇದ್ದ ಮಾತ್ರಕ್ಕೆ ಆ ಕಲ್ಲಿನಿಂದ ತೂಗಿದ್ದೆಲ್ಲವೂ ಸರಿಯೆಂದು ಹೇಳಲಾಗದು, ಏಕೆಂದರೆ ತೂಗುವ ಕೈ ಬೇರೆ. ಮ್ಯಾಸಚೂಸೆಟ್ಸ್‌ನ ಪ್ರಯೋಗಾಲಯಕ್ಕೆ ಮಾನ್ಯತೆಯೇ ಇರಲಿಲ್ಲ. ಕ್ವೀನ್ಸ್‌ಲ್ಯಾಂಡ್‌ನದಕ್ಕೆ ಇತ್ತು, ಆದರೂ ಮೇಲೆ ಹೇಳಿದಂತೆಲ್ಲ ಆಯಿತು. ಮಾನ್ಯತೆ ಪಡೆದ ಮೇಲೂ ಮುಖ್ಯಸ್ಥರಿಗೆ ಮಾಡಲು ಬಹಳಷ್ಟು ಉಳಿದಿರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮಾನ್ಯತೆಯ ಜೊತೆಗೆ ಬರುವ ಇನ್ನೊಂದು ಪದ ‘ಪ್ರಾವೀಣ್ಯ ಪರೀಕ್ಷೆ’. ಉತ್ತರ ಮೊದಲೇ ಗೊತ್ತಿರುವ ಮಾದರಿಯನ್ನು ವಿಶ್ಲೇಷಕರಿಗೆ ಕೊಟ್ಟು ಅವರು ಸರಿಯುತ್ತರ ಕೊಡುತ್ತಾರೆಯೇ ಎಂದು ನೋಡುವುದು ಇದರ ಉದ್ದೇಶ. ಅಮೆರಿಕದ ರಾಷ್ಟ್ರೀಯ ಡಿಎನ್ಎ ದತ್ತಾಂಶ ವ್ಯವಸ್ಥೆಯಲ್ಲಿ ಭಾಗವಹಿಸುವ ಪ್ರಯೋಗಾಲಯಗಳ ಡಿಎನ್ಎ ವಿಶ್ಲೇಷಕರು ವರ್ಷಕ್ಕೆ ಎರಡು ಸಲ ಇಂತಹ ಪರೀಕ್ಷೆಗೆ ಒಳಗಾಗಬೇಕೆಂಬ ನಿಯಮವಿದೆ. ಇದರಲ್ಲೊಂದು ಸಹಜವಾದ ಮಿತಿಯಿದೆ. ಇದು ಪರೀಕ್ಷೆಯೆಂದು ಗೊತ್ತಿದ್ದಾಗ ಯಾರಾದರೂ ಹೆಚ್ಚು ಎಚ್ಚರದಿಂದಲೇ ಕೆಲಸ ಮಾಡುತ್ತಾರೆ.

ಈ ಮಿತಿಯನ್ನು ಮೀರಲು ಹ್ಯೂಸ್ಟನ್ ನಗರದಲ್ಲಿ ನಡೆದ ಪ್ರಯತ್ನ ಗಮನಾರ್ಹವಾದದ್ದು. ಆ ನಗರದ ಪೊಲೀಸ್ ಪ್ರಯೋಗಾಲಯದ ಡಿಎನ್ಎ ವಿಭಾಗವನ್ನು ಗಂಭೀರ ದೋಷಗಳು ಬಯಲಾದ ಮೇಲೆ 2002ರ ಕೊನೆಯಲ್ಲಿ ಮುಚ್ಚಬೇಕಾಗಿ ಬಂದಿತ್ತು. ತಪ್ಪು ಡಿಎನ್ಎ ಸಾಕ್ಷ್ಯದ ಮೇಲೆ ಶಿಕ್ಷೆಗೊಳಗಾಗಿದ್ದ ಜೊಸೈಯಾ ಸಟನ್ ಎಂಬ ಯುವಕ 2003ರಲ್ಲಿ ಬಿಡುಗಡೆಯಾದರು. ಮುಂದೆ ಪೊಲೀಸ್ ಇಲಾಖೆಯಿಂದ ಬೇರ್ಪಟ್ಟ, ಸ್ವಂತ ಆಡಳಿತ ಮಂಡಳಿಯುಳ್ಳ ಹ್ಯೂಸ್ಟನ್ ವಿಧಿವಿಜ್ಞಾನ ಕೇಂದ್ರ ರೂಪುಗೊಂಡು 2014ರಲ್ಲಿ ಕೆಲಸ ವಹಿಸಿಕೊಂಡಿತು. ಅಲ್ಲಿ 2015ರಿಂದ ಗುಣಮಟ್ಟ ವಿಭಾಗದವರು ಕೃತಕ ಪ್ರಕರಣಗಳನ್ನು ಸಿದ್ಧಪಡಿಸಿ, ನಿಜವಾದ ಪ್ರಕರಣಗಳಂತೆಯೇ ಕಾಣುವ ಕಾಗದಪತ್ರಗಳೊಂದಿಗೆ ದಿನನಿತ್ಯದ ಕೆಲಸದ ಸಾಲಿನಲ್ಲಿ ಸೇರಿಸುತ್ತಾರೆ. ಯಾವುದು ನಿಜ, ಯಾವುದು ಪರೀಕ್ಷೆ ಎಂದು ವಿಶ್ಲೇಷಕರಿಗೆ ತಿಳಿಯದಂತೆ ನೋಡಿಕೊಳ್ಳಲಾಗುತ್ತದೆ. ಮಾದರಿ ಬಂದ ಘಳಿಗೆಯಿಂದ ವರದಿ ಹೊರಡುವವರೆಗಿನ ಇಡೀ ಸರಣಿ ಹೀಗೆ ಪರೀಕ್ಷೆಗೊಳಗಾಗುತ್ತದೆ. ಸಿಬ್ಬಂದಿ ಇದನ್ನು ಬೇಹುಗಾರಿಕೆಯೆಂದು ಭಾವಿಸದಂತೆ ಒಪ್ಪಿಸುವುದು ಪೂರ್ತಿಯಾಗಿ ನಾಯಕತ್ವದ ಕೆಲಸ. ತಾಂತ್ರಿಕ ಕೈಪಿಡಿಯಿಂದ ಅದು ಆಗುವಂಥದ್ದಲ್ಲ.

ನೋಡುವ ಕಣ್ಣಿಗೂ ಪೂರ್ವಗ್ರಹ ಉಂಟು

2004ರ ಮಾರ್ಚ್ 11ರಂದು ಮ್ಯಾಡ್ರಿಡ್‌ನಲ್ಲಿ ರೈಲುಗಳ ಮೇಲೆ ನಡೆದ ಬಾಂಬ್ ದಾಳಿಯ ನಂತರ ಸಿಕ್ಕ ಚೀಲವೊಂದರ ಮೇಲಿನ ಬೆರಳಚ್ಚನ್ನು ಎಫ್‌ಬಿಐ ಅಮೆರಿಕದ ಒರೆಗಾನ್ ರಾಜ್ಯದ ಒಬ್ಬ ವಕೀಲರದೆಂದು ಗುರುತಿಸಿತು. ಒಬ್ಬರ ನಂತರ ಒಬ್ಬರಂತೆ ಅನುಭವಿ ಪರಿಣತರು ಅದನ್ನು ದೃಢಪಡಿಸಿದರು. ನ್ಯಾಯಾಲಯ ನೇಮಿಸಿದ ತಜ್ಞರೂ ಒಪ್ಪಿದರು. ಸ್ಪೇನ್ ಪೊಲೀಸರು ಅದೇ ಅಚ್ಚು ಇನ್ನೊಬ್ಬ ವ್ಯಕ್ತಿಯದೆಂದು ತೋರಿಸಿಕೊಟ್ಟಾಗ ಎಫ್‌ಬಿಐ ಕ್ಷಮೆ ಕೇಳಿತು.

ಮೊದಲ ಪರಿಣತರು ಏನೆಂದು ತೀರ್ಮಾನಿಸಿದ್ದಾರೆಂದು ತಿಳಿದಿರುವಾಗ ಎರಡನೆಯವರ ಪರಿಶೀಲನೆ ಪೂರ್ತಿ ಸ್ವತಂತ್ರವಾಗಿ ಉಳಿಯುವುದಿಲ್ಲ. ಇದು ಅಪ್ರಾಮಾಣಿಕತೆಯಲ್ಲ, ಮನುಷ್ಯನ ಮನಸ್ಸು ಕೆಲಸ ಮಾಡುವ ರೀತಿಯೇ ಹಾಗೆ. ಪ್ರಾಮಾಣಿಕರಾಗಿರಿ ಎಂದು ಸುತ್ತೋಲೆ ಹೊರಡಿಸುವುದರಿಂದ ಇದು ಬಗೆಹರಿಯದು. ಕೆಲಸದ ಕ್ರಮವನ್ನೇ ಬದಲಿಸಬೇಕು. ಮೊದಲ ತೀರ್ಮಾನವನ್ನು ಎರಡನೆಯವರಿಂದ ಮರೆಮಾಚುವುದು, ಅಪರಾಧ ಸ್ಥಳದ ಅಚ್ಚನ್ನು ಮೊದಲು ವಿಶ್ಲೇಷಿಸಿ ದಾಖಲಿಸಿದ ಮೇಲೆಯೇ ಶಂಕಿತರ ಅಚ್ಚನ್ನು ನೋಡುವುದು, ಪ್ರಕರಣದ ಅನಗತ್ಯ ವಿವರಗಳು ವಿಶ್ಲೇಷಕರಿಗೆ ತಲುಪದಂತೆ ತಡೆಯುವುದು ಇಂತಹ ಬದಲಾವಣೆಗಳು. ಇವೆಲ್ಲಕ್ಕೂ ಹೆಚ್ಚು ಸಮಯ, ಹೆಚ್ಚು ಜನ ಬೇಕು. ಒಪ್ಪಿಗೆ ಕೊಡಬೇಕಾದವರು ಮುಖ್ಯಸ್ಥರು.

ಬಾಕಿಯ ಲೆಕ್ಕಾಚಾರ

ಪ್ರಯೋಗಾಲಯದ ವರದಿ ತಡವಾಗುವುದೇಕೆ ಎಂಬುದು ಸಾಮಾನ್ಯ ಓದುಗರು ಹೆಚ್ಚಾಗಿ ಕೇಳುವ ಪ್ರಶ್ನೆ. ಅಮೆರಿಕದ ನ್ಯಾಯಾಂಗ ಅಂಕಿಅಂಶ ಕಚೇರಿಯ ಗಣತಿಯಂತೆ 2014ರಲ್ಲಿ ಅಲ್ಲಿನ 409 ಸಾರ್ವಜನಿಕ ಪ್ರಯೋಗಾಲಯಗಳಿಗೆ ಸುಮಾರು 38 ಲಕ್ಷ ಪರೀಕ್ಷಾ ಕೋರಿಕೆಗಳು ಬಂದಿದ್ದವು. ವರ್ಷದ ಕೊನೆಗೆ ಸುಮಾರು 5.7 ಲಕ್ಷ ಕೋರಿಕೆಗಳು ಬಾಕಿ ಉಳಿದಿದ್ದವು. 30 ದಿನಗಳೊಳಗೆ ಮುಗಿಯದ್ದನ್ನು ಅಲ್ಲಿ ಬಾಕಿ ಎಂದು ಲೆಕ್ಕ ಹಿಡಿಯುತ್ತಾರೆ.

ತಿಂಗಳಿಗೆ 100 ಪ್ರಕರಣ ಬಂದು 95 ಮುಗಿದರೆ ವರ್ಷದ ಕೊನೆಗೆ 60 ಉಳಿಯುತ್ತವೆ. ಅಂತರ ಸಣ್ಣದಾದರೂ ಅದು ತಾನಾಗಿ ಕರಗುವುದಿಲ್ಲ, ಬೆಳೆಯುತ್ತಲೇ ಹೋಗುತ್ತದೆ. ಹೊಸಬರನ್ನು ನೇಮಿಸಿಕೊಂಡರಾಯಿತು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಹೊಸ ಡಿಎನ್ಎ ವಿಶ್ಲೇಷಕರು ಸ್ವತಂತ್ರವಾಗಿ ಪ್ರಕರಣ ಕೈಗೆತ್ತಿಕೊಳ್ಳಲು ತಿಂಗಳುಗಟ್ಟಲೆ ತರಬೇತಿ ಬೇಕು. ಆ ತರಬೇತಿ ಕೊಡುವವರು ಅನುಭವಿ ವಿಶ್ಲೇಷಕರೇ. ಅಷ್ಟು ಕಾಲ ಅವರ ಸ್ವಂತ ಪ್ರಕರಣಗಳು ನಿಧಾನವಾಗುತ್ತವೆ. ಹೀಗಾಗಿ ನೇಮಕಾತಿಯ ಮೊದಲ ಫಲವಾಗಿ ಬಾಕಿ ಹೆಚ್ಚುತ್ತದೆ. ತುರ್ತು ಪ್ರಕರಣವೊಂದನ್ನು ಮುಂದಕ್ಕೆ ತಂದಾಗಲೆಲ್ಲ ಸುದ್ದಿಯಲ್ಲಿಲ್ಲದ ಇನ್ನೊಂದು ಪ್ರಕರಣ ಹಿಂದಕ್ಕೆ ಸರಿಯುತ್ತದೆ. ವರದಿಗಳು ಬೇಗ ಬರತೊಡಗಿದರೆ ತನಿಖಾಧಿಕಾರಿಗಳು ಇನ್ನಷ್ಟು ಮಾದರಿಗಳನ್ನು ಕಳುಹಿಸತೊಡಗುತ್ತಾರೆ. ಇಷ್ಟೆಲ್ಲ ತಿಳಿಯದ ಮುಖ್ಯಸ್ಥರು ಮೇಲಿನವರಿಗೆ ಆರು ತಿಂಗಳಲ್ಲಿ ಬಾಕಿ ತೀರಿಸುವ ಭರವಸೆ ಕೊಟ್ಟು ಇಕ್ಕಟ್ಟಿಗೆ ಸಿಲುಕುತ್ತಾರೆ, ಅಥವಾ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಆದಂತೆ ಪರೀಕ್ಷೆಯನ್ನೇ ಮೊಟಕುಗೊಳಿಸುತ್ತಾರೆ.

ಈ ಲೆಕ್ಕಾಚಾರಕ್ಕೆ ನೆರವಾಗಲೆಂದು ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯ 2007ರಲ್ಲಿ ಫೋರ್‌ಸೈಟ್ ಎಂಬ ಯೋಜನೆ ಆರಂಭಿಸಿತು. ಪ್ರಯೋಗಾಲಯಗಳು ಸ್ವಯಂಪ್ರೇರಣೆಯಿಂದ ತಮ್ಮ ಖರ್ಚು, ಸಿಬ್ಬಂದಿ ಮತ್ತು ಪ್ರಕರಣಗಳ ಅಂಕಿಗಳನ್ನು ಕಳುಹಿಸುತ್ತವೆ. ಒಂದು ಪ್ರಕರಣಕ್ಕೆ ತಗಲುವ ವೆಚ್ಚ, ಒಬ್ಬ ವಿಶ್ಲೇಷಕರು ಮುಗಿಸುವ ಪ್ರಕರಣಗಳ ಸಂಖ್ಯೆ ಮುಂತಾದವನ್ನು ಇತರರೊಂದಿಗೆ ಹೋಲಿಸಿ ನೋಡಬಹುದು. ಅನುದಾನ ಕೇಳಲು ಹೋಗುವ ಮುಖ್ಯಸ್ಥರ ಕೈಯಲ್ಲಿ ಇಂತಹ ಹೋಲಿಕೆಯ ಅಂಕಿ ಇದ್ದರೆ ಅವರ ಮಾತಿಗೆ ತೂಕ ಬರುತ್ತದೆ.

ವೃತ್ತಿಯ ಸುದ್ದಿಯನ್ನು ಗಮನಿಸುತ್ತಿರಬೇಕು, ಏಕೆ?

2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮೆಲೆಂಡೆಜ್-ಡಿಯಾಜ್ ಪ್ರಕರಣದಲ್ಲಿ, ಪ್ರಯೋಗಾಲಯದ ಪ್ರಮಾಣಪತ್ರವನ್ನು ಸುಮ್ಮನೆ ಹಾಜರುಪಡಿಸಿದರೆ ಸಾಲದು, ವಿಶ್ಲೇಷಕರು ಬಂದು ಪಾಟೀ ಸವಾಲಿಗೆ ಒಳಗಾಗಬೇಕು ಎಂದು ಹೇಳಿತು. ಪಾಟೀ ಸವಾಲು ಎಂದರೆ ಎದುರು ಪಕ್ಷದ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವುದು. ಆದರೆ ಪರೀಕ್ಷೆ ಮಾಡಿದವರು ಕೆಲಸ ಬಿಟ್ಟು ಹೋಗಿದ್ದರೆ? ಅರಿಜೋನಾ ರಾಜ್ಯದ ಮಾದಕ ವಸ್ತು ಪ್ರಕರಣವೊಂದರಲ್ಲಿ ಹೀಗೆಯೇ ಆಯಿತು. ಪರೀಕ್ಷಿಸಿದ ವಿಶ್ಲೇಷಕಿ ಪ್ರಯೋಗಾಲಯ ಬಿಟ್ಟಿದ್ದರು. ಅವರ ಟಿಪ್ಪಣಿಗಳನ್ನು ಓದಿಕೊಂಡ ಇನ್ನೊಬ್ಬ ವಿಶ್ಲೇಷಕರು ನ್ಯಾಯಾಲಯಕ್ಕೆ ಬಂದು ಸಾಕ್ಷ್ಯ ನುಡಿದರು. 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್, ಗೈರುಹಾಜರಾದವರ ಹೇಳಿಕೆ ನಿಜವಾಗಿದ್ದರೆ ಮಾತ್ರ ಬದಲಿ ತಜ್ಞರ ಅಭಿಪ್ರಾಯಕ್ಕೆ ಆಧಾರ ಸಿಗುವಂತಿದ್ದಾಗ, ಆ ಹೇಳಿಕೆಯನ್ನು ಅದರ ಸತ್ಯಾಂಶಕ್ಕಾಗಿಯೇ ಮುಂದಿಟ್ಟಂತಾಗುತ್ತದೆ, ಹಾಗಾಗಿ ಹೇಳಿಕೆ ಕೊಟ್ಟವರನ್ನೇ ಪಾಟೀ ಸವಾಲಿಗೆ ಒಳಪಡಿಸುವ ಹಕ್ಕಿನ ಪ್ರಶ್ನೆ ಏಳುತ್ತದೆ ಎಂದು ತೀರ್ಮಾನಿಸಿ ಪ್ರಕರಣವನ್ನು ಕೆಳಗಿನ ನ್ಯಾಯಾಲಯಕ್ಕೆ ಮರಳಿಸಿತು.

ಈ ತೀರ್ಪು ವಕೀಲರಿಗೆ ಸಂಬಂಧಿಸಿದ್ದೆಂದು ತೋರಬಹುದು. ಪ್ರಯೋಗಾಲಯದ ಮುಖ್ಯಸ್ಥರು ಓದಿದರೆ ಅವರಿಗೆ ಕಾಣುವುದು ನಾಳೆಯ ಕೆಲಸದ ಪಟ್ಟಿ: ಕೆಲಸ ಬಿಡುವ ವಿಶ್ಲೇಷಕರ ಬಾಕಿ ಪ್ರಕರಣಗಳನ್ನು ಗುರುತಿಸಬೇಕು, ಮರುಪರೀಕ್ಷೆಗೆ ಸಾಕಾಗುವಷ್ಟು ಮಾದರಿಯನ್ನು ಉಳಿಸಿಕೊಳ್ಳಬೇಕು, ಯಾವ ಪ್ರಕರಣಗಳಲ್ಲಿ ಬದಲಿ ಸಾಕ್ಷಿ ನಡೆಯುವುದಿಲ್ಲವೆಂದು ಸರ್ಕಾರಿ ವಕೀಲರೊಂದಿಗೆ ಚರ್ಚಿಸಬೇಕು, ಮರುಪರೀಕ್ಷೆಗಳಿಂದ ಬರುವ ಹೆಚ್ಚಿನ ಹೊರೆಗೆ ಆಯವ್ಯಯದಲ್ಲಿ ಜಾಗ ಮಾಡಬೇಕು. ತೀರ್ಪು ಬಂದ ಆರು ತಿಂಗಳ ಮೇಲೆ ತಿಳಿದರೆ ಅಷ್ಟರಲ್ಲಿ ಹಲವು ಪ್ರಕರಣಗಳು ಕೈತಪ್ಪಿರುತ್ತವೆ.

ಮಾನದಂಡಗಳೂ ಹೀಗೆಯೇ ಬದಲಾಗುತ್ತಿರುತ್ತವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರ ಕಾಯ್ದೆಯಂತೆ ಈ ಕ್ಷೇತ್ರದ ಗುಣಮಟ್ಟವನ್ನು ನೋಡಿಕೊಳ್ಳುವ ವಿಧಿವಿಜ್ಞಾನ ನಿಯಂತ್ರಕರಿಗೆ ಕಾನೂನುಬದ್ಧ ಅಧಿಕಾರ ದೊರೆತು, ಅವರ ಸಂಹಿತೆ 2023ರ ಅಕ್ಟೋಬರ್ 2ರಂದು ಜಾರಿಗೆ ಬಂತು. ಅಪರಾಧ ಸ್ಥಳದಿಂದ ನ್ಯಾಯಾಲಯದ ವರದಿಯವರೆಗಿನ ಇಡೀ ಪ್ರಕ್ರಿಯೆಗೆ ಸಂಬಂಧಿಸಿದ ಐಎಸ್ಒ 21043 ಎಂಬ ಪ್ರತ್ಯೇಕ ಮಾನದಂಡ ಸರಣಿಯೂ ಈಗ ರೂಪುಗೊಂಡಿದೆ.

ತರಬೇತಿ ಎಲ್ಲಿ ಸಿಗುತ್ತದೆ?

ಈ ಕ್ಷೇತ್ರದ ಮುಖ್ಯಸ್ಥರು ಪರಸ್ಪರ ಕಲಿಯಲೆಂದೇ ಕಟ್ಟಿಕೊಂಡ ಸಂಸ್ಥೆಗಳಿವೆ. 1970ರ ದಶಕದಲ್ಲಿ ಎಫ್‌ಬಿಐ ನೆರವಿನಿಂದ ಆರಂಭವಾದ ಅಮೆರಿಕದ ಅಪರಾಧ ಪ್ರಯೋಗಾಲಯ ನಿರ್ದೇಶಕರ ಸಂಘ, ಅಂದರೆ ಎಎಸ್‌ಸಿಎಲ್‌ಡಿ, ಇವುಗಳಲ್ಲಿ ಪ್ರಮುಖವಾದುದು. ಅದು ಪ್ರತಿವರ್ಷ ಸಮ್ಮೇಳನ ನಡೆಸುತ್ತದೆ. ನಾಯಕತ್ವ ಅಕಾಡೆಮಿ ಎಂಬ ಹೆಸರಿನಲ್ಲಿ ಹಂತಹಂತವಾದ ತರಬೇತಿ ಕೊಡುತ್ತದೆ. ಯುರೋಪಿನಲ್ಲಿ 1995ರಲ್ಲಿ ಸ್ಥಾಪನೆಯಾದ ಇಎನ್‌ಎಫ್‌ಎಸ್‌ಐ ಎಂಬ ವಿಧಿವಿಜ್ಞಾನ ಸಂಸ್ಥೆಗಳ ಜಾಲವಿದೆ, ಏಷ್ಯಾದಲ್ಲಿ 2008ರಲ್ಲಿ ಆರಂಭವಾದ ಎಎಫ್‌ಎಸ್‌ಎನ್ ಇದೆ. ಇಂತಹ ಪ್ರಾದೇಶಿಕ ಜಾಲಗಳ ಒಕ್ಕೂಟವು ಹೊಸದಾಗಿ ಬೆಳೆಯುತ್ತಿರುವ ಪ್ರಯೋಗಾಲಯಗಳಿಗಾಗಿ ಡಿಎನ್ಎ, ಮಾದಕ ವಸ್ತು, ಅಪರಾಧ ಸ್ಥಳ ತನಿಖೆಗಳ ಕನಿಷ್ಠ ಅಗತ್ಯಗಳನ್ನು ಸರಳವಾಗಿ ವಿವರಿಸುವ ದಾಖಲೆಗಳನ್ನು ಪ್ರಕಟಿಸಿದೆ. ಮಾದಕ ವಸ್ತು ಪರೀಕ್ಷಿಸುವ ಪ್ರಯೋಗಾಲಯಗಳಿಗೆ ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿ ಉಚಿತವಾಗಿಯೇ ಪ್ರಾವೀಣ್ಯ ಪರೀಕ್ಷೆಗಳನ್ನು ನಡೆಸುತ್ತದೆ. ಸಣ್ಣ ಆಯವ್ಯಯದ ಸಂಸ್ಥೆಗಳಿಗೆ ಇದು ದೊಡ್ಡ ಆಸರೆ, ಆದರೂ ಇದರ ಬಗ್ಗೆ ಹೊರಗೆ ಮಾತನಾಡುವವರು ಕಡಿಮೆ.

ತರಬೇತಿಯಲ್ಲಿ ಏನಿರಬೇಕು ಎಂಬುದು ಮೇಲಿನ ಘಟನೆಗಳಿಂದಲೇ ಹೊರಡುತ್ತದೆ. ತಪ್ಪು ನಡೆದಾಗ ಅದರ ಮೂಲ ಕಾರಣ ಹುಡುಕುವ ಕ್ರಮ, ಆಯವ್ಯಯ ಮತ್ತು ಬಾಕಿಯ ಲೆಕ್ಕ, ಪೊಲೀಸರು ಮತ್ತು ವಕೀಲರ ಒತ್ತಡಕ್ಕೆ ಇಲ್ಲವೆನ್ನುವ ರೀತಿ, ತಪ್ಪನ್ನು ಮೊಕದ್ದಮೆಯ ಎರಡೂ ಪಕ್ಷಗಳಿಗೆ ತಿಳಿಸುವ ಹೊಣೆ, ಮಾಧ್ಯಮದೊಂದಿಗೆ ಮಾತು, ಸಿಬ್ಬಂದಿಯ ಮನಸ್ಸಿನ ಆರೋಗ್ಯ. ಕೊನೆಯದರ ಬಗ್ಗೆ ಒಂದು ಮಾತು ಹೆಚ್ಚು ಹೇಳಬೇಕು. ಮಕ್ಕಳ ಮೇಲಿನ ದೌರ್ಜನ್ಯದ ದೃಶ್ಯಗಳನ್ನು ಮೊಬೈಲ್‌ಗಳಿಂದ ಹೊರತೆಗೆದು ಒಂದೊಂದಾಗಿ ನೋಡಿ ವಿಂಗಡಿಸುವ ಉದ್ಯೋಗಿ ಪ್ರತಿದಿನ ಅದನ್ನೇ ಮಾಡುತ್ತಾರೆ. ಅವರನ್ನು ಎಷ್ಟು ಕಾಲ ಆ ಕೆಲಸದಲ್ಲಿ ಇರಿಸಬೇಕು, ಯಾವಾಗ ಬೇರೆ ಕೆಲಸಕ್ಕೆ ಹಾಕಬೇಕು, ಆಪ್ತ ಸಮಾಲೋಚನೆ ಕೇಳಿದವರನ್ನು ದುರ್ಬಲರೆಂದು ಯಾರೂ ಎಣಿಸದಂತೆ ಹೇಗೆ ನೋಡಿಕೊಳ್ಳಬೇಕು ಎಂಬುದು ಕರುಣೆಯ ಪ್ರಶ್ನೆಯಷ್ಟೇ ಅಲ್ಲ. ದಣಿದ ಮನಸ್ಸು ತಪ್ಪು ಮಾಡುತ್ತದೆ, ಆ ತಪ್ಪು ವರದಿಯಲ್ಲಿ ಸೇರುತ್ತದೆ.

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 2009ರ ತನ್ನ ವರದಿಯಲ್ಲಿ ಪ್ರಯೋಗಾಲಯಗಳು ಪೊಲೀಸ್ ಮತ್ತು ಅಭಿಯೋಜನೆಯ ಆಡಳಿತದಿಂದ ಹೊರಗಿರಬೇಕೆಂದು ಶಿಫಾರಸು ಮಾಡಿತ್ತು. ಹ್ಯೂಸ್ಟನ್‌ನಂತಹ ಕೆಲವೆಡೆ ಅದು ಆಗಿದೆ, ಬಹಳಷ್ಟು ಕಡೆ ಆಗಿಲ್ಲ. ಹಾಗಾಗದ ಕಡೆಗಳಲ್ಲಿ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳುವ ಭಾರ ಮುಖ್ಯಸ್ಥರ ಮೇಲೆಯೇ ಬೀಳುತ್ತದೆ.

ವರದಿ ಕೈಗೆ ಬಂದಾಗ ಕೇಳಬಹುದಾದ ಪ್ರಶ್ನೆಗಳು

ಪ್ರಯೋಗಾಲಯದ ವರದಿಯನ್ನು ಎದುರಿಸಬೇಕಾಗಿ ಬಂದ ಯಾವ ಕುಟುಂಬವಾದರೂ, ದೂರುದಾರರದಾಗಲಿ ಆರೋಪಿಯದಾಗಲಿ, ತಮ್ಮ ವಕೀಲರ ಮೂಲಕ ಕೆಲವು ವಿಷಯಗಳನ್ನು ವಿಚಾರಿಸಬಹುದು. ಪ್ರಯೋಗಾಲಯಕ್ಕೆ ಮಾನ್ಯತೆ ಇದೆಯೇ ಎಂದಷ್ಟೇ ಕೇಳಿದರೆ ಸಾಲದು. ಮಾನ್ಯತೆಯನ್ನು ನಿರ್ದಿಷ್ಟ ಪರೀಕ್ಷೆಗಳಿಗೆ ಕೊಡುವುದರಿಂದ ಈ ವಿಧಾನ ಅದರ ವ್ಯಾಪ್ತಿಯಲ್ಲಿದೆಯೇ ಎಂದು ಕೇಳಬೇಕು. ಪರೀಕ್ಷೆ ಮಾಡಿದವರು ಮತ್ತು ಸಹಿ ಮಾಡಿದವರು ಒಬ್ಬರೇ ಆಗಿದ್ದಾರೆಯೇ, ಎರಡನೆಯ ಪರಿಶೀಲಕರಿಗೆ ಮೊದಲ ತೀರ್ಮಾನ ತಿಳಿದಿತ್ತೇ ಎಂಬುದೂ ಮುಖ್ಯ. ‘ಸಾಲದು’ ಅಥವಾ ‘ಪತ್ತೆಯಾಗಿಲ್ಲ’ ಎಂದು ಬರೆದಿದ್ದರೆ, ಪರೀಕ್ಷೆ ಮಾಡಿಯೂ ಸಿಗಲಿಲ್ಲವೋ ಅಥವಾ ಒಂದು ಮಿತಿಯ ಕೆಳಗಿದ್ದುದರಿಂದ ಪರೀಕ್ಷೆಯನ್ನೇ ನಿಲ್ಲಿಸಲಾಯಿತೋ ಎಂದು ಲಿಖಿತವಾಗಿ ಕೇಳಬಹುದು. ಮಾದರಿಯಲ್ಲಿ ಉಳಿದ ಭಾಗ ಎಲ್ಲಿದೆ, ಎಷ್ಟು ದಿನ ಇರುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ಮುಂದೂಡದೆ ಮೊದಲ ದಿನವೇ ಕೇಳಬೇಕು, ಏಕೆಂದರೆ ನಿಗದಿತ ಅವಧಿಯ ನಂತರ ಅದನ್ನು ವಿಲೇವಾರಿ ಮಾಡಿದರೆ ಮರುಪರೀಕ್ಷೆಗೆ ಏನೂ ಉಳಿಯುವುದಿಲ್ಲ.